ಹೊತ್ತು ಮುಳುಗುವ ಮುನ್ನ ಊಟ, ಮುಳುಗಿದ ಮೇಲೆ ಸಾಮಾಯಿಕ: ದುಡಿಯುವ ಮನೆಗಳಿಗೊಂದು ಸಂಜೆಯ ಕ್ರಮ

ಬೆಂಗಳೂರಿನಿಂದ ಬಳ್ಳಾರಿ ರಸ್ತೆಯಲ್ಲಿ ಹೆಬ್ಬಾಳ, ಯಲಹಂಕ, ಕೋಗಿಲು ಕ್ರಾಸ್ ದಾಟಿ ವಾಯುಪಡೆಯ ನೆಲೆಯನ್ನು ಹಿಂದೆ ಬಿಟ್ಟರೆ ಹುಣಸಮಾರನಹಳ್ಳಿ ಸಿಗುತ್ತದೆ. 2008ರಲ್ಲಿ ವಿಮಾನ ನಿಲ್ದಾಣವು ದೇವನಹಳ್ಳಿಯ ಬಳಿಗೆ ಬಂದ ನಂತರ ಈ ಹೆದ್ದಾರಿಯ ಎರಡೂ ಬದಿಗೆ ಬಡಾವಣೆಗಳು ಬೆಳೆದವು. ಇಲ್ಲಿ ಮನೆ ಮಾಡಿದವರಲ್ಲಿ ಹಲವರ ಕಚೇರಿ, ಅಂಗಡಿಗಳು ನಗರದ ಒಳಗೇ ಇವೆ. ಸಂಜೆ ಹೆಬ್ಬಾಳದ ಮೇಲುಸೇತುವೆ ದಾಟುವುದೇ ಒಂದು ಕೆಲಸ. ಇಂಥ ಊರಿನ ಜೈನ ಮನೆಯಲ್ಲಿ ವಾರದ ದಿನಗಳಲ್ಲಿ ಎದುರಾಗುವ ಪ್ರಶ್ನೆ ಒಂದೇ: ಸೂರ್ಯಾಸ್ತದೊಳಗೆ ಊಟ ಮುಗಿಸುವುದು ಹೇಗೆ?

ರಾತ್ರಿ ಭೋಜನ ತ್ಯಾಗವೆಂದರೆ ಊಟದ ಸಮಯವನ್ನು ಹಿಂದಕ್ಕೆ ತರುವುದಷ್ಟೇ ಎಂದು ತಿಳಿದರೆ ಈ ವ್ರತ ಬರೀ ಅವಸರವಾಗಿ ಉಳಿಯುತ್ತದೆ. ಒಲೆ ಆರಿದ ಮೇಲೆ ಮಲಗುವವರೆಗಿನ ಹೊತ್ತು ಯಾವುದಕ್ಕೆ ಮೀಸಲು ಎಂಬುದು ವ್ರತದ ಇನ್ನೊಂದು ಅರ್ಧ. ಅಡುಗೆ ಬೇಗ ಆಗಬೇಕಾದದ್ದು ಸಂಜೆ ದೊಡ್ಡದಾಗಲಿ ಎಂದು. ಈ ಎರಡನ್ನೂ ಒಟ್ಟಿಗೆ ಹೊಂದಿಸಿಕೊಳ್ಳುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಬೆಂಗಳೂರಿನ ಸೂರ್ಯಾಸ್ತದ ಲೆಕ್ಕ

ಬೆಂಗಳೂರಿನಲ್ಲಿ ಸೂರ್ಯಾಸ್ತವು ವರ್ಷದುದ್ದಕ್ಕೂ ಸುಮಾರು ಒಂದು ಗಂಟೆಯಷ್ಟು ಹಿಂದುಮುಂದಾಗುತ್ತದೆ. ಜುಲೈ ಮೊದಲ ವಾರದಲ್ಲಿ ಸೂರ್ಯ ಮುಳುಗುವುದು ಸಂಜೆ 6:50ರ ಸುಮಾರಿಗೆ. ನವೆಂಬರ್ ಮೂರನೆಯ ವಾರದಲ್ಲಿ 5:50ಕ್ಕೇ ಹೊತ್ತು ಮುಳುಗುತ್ತದೆ. ಮಾರ್ಚ್ ವಿಷುವದ ವೇಳೆಗೆ 6:30, ಸೆಪ್ಟೆಂಬರ್ ವಿಷುವದ ವೇಳೆಗೆ 6:15 ಎಂದು ಸ್ಥೂಲವಾಗಿ ನೆನಪಿಟ್ಟುಕೊಳ್ಳಬಹುದು. ಚಳಿ ಹೆಚ್ಚಾಗುವ ಡಿಸೆಂಬರ್ ಕೊನೆಯಲ್ಲೇ ಹೊತ್ತು ಎಲ್ಲಕ್ಕಿಂತ ಬೇಗ ಮುಳುಗುತ್ತದೆ ಎಂದು ಅನೇಕರು ಭಾವಿಸುತ್ತಾರೆ. ವಾಸ್ತವವಾಗಿ ಅಷ್ಟು ಹೊತ್ತಿಗೆ ಸೂರ್ಯಾಸ್ತ ಮತ್ತೆ ಆರು ಗಂಟೆಯ ಕಡೆಗೆ ಸರಿದಿರುತ್ತದೆ.

ಪರಂಪರೆಯಲ್ಲಿ ಎರಡು ಗಡಿಗಳು ರೂಢಿಯಲ್ಲಿವೆ. ಸಾಮಾನ್ಯ ಶ್ರಾವಕರು ಸೂರ್ಯಾಸ್ತವನ್ನೇ ಗಡಿಯಾಗಿ ಇಟ್ಟುಕೊಳ್ಳುತ್ತಾರೆ. ಕಟ್ಟುನಿಟ್ಟಾಗಿ ಪಾಲಿಸುವವರು ಸೂರ್ಯಾಸ್ತಕ್ಕೆ ಎರಡು ಘಳಿಗೆ ಮೊದಲೇ ಊಟ ಮುಗಿಸುತ್ತಾರೆ, ಸೂರ್ಯೋದಯದ ನಂತರ ಎರಡು ಘಳಿಗೆ ಕಳೆದ ಮೇಲೆಯೇ ಬಾಯಿಗೆ ಆಹಾರ ಇಡುತ್ತಾರೆ. ಒಂದು ಘಳಿಗೆ ಎಂದರೆ 24 ನಿಮಿಷ, ಎರಡು ಘಳಿಗೆ 48 ನಿಮಿಷ. ಆ ಲೆಕ್ಕದಲ್ಲಿ ಜುಲೈನಲ್ಲಿ 6:02ಕ್ಕೆ, ನವೆಂಬರಿನಲ್ಲಿ 5:02ಕ್ಕೆ ತಟ್ಟೆ ಎತ್ತಬೇಕು.

ಚಾತುರ್ಮಾಸದಲ್ಲಿ ಮಾತ್ರ ಈ ನಿಯಮ ಹಿಡಿಯುವವರು ಬಹಳ ಮಂದಿ ಇದ್ದಾರೆ. ಅವರು ಗಮನಿಸಬೇಕಾದ ಸಂಗತಿ ಒಂದಿದೆ. ಚಾತುರ್ಮಾಸ ಆರಂಭವಾಗುವುದು ಜುಲೈ ಹೊತ್ತಿಗೆ, ಅಂದರೆ ಸಂಜೆ ಎಲ್ಲಕ್ಕಿಂತ ಉದ್ದವಾಗಿರುವಾಗ. ದೀಪಾವಳಿಯ ವೇಳೆಗೆ ಸೂರ್ಯಾಸ್ತ ಆರು ಗಂಟೆಗೂ ಮೊದಲೇ ಆಗಿಬಿಡುತ್ತದೆ. ಆಷಾಢದಲ್ಲಿ ಸುಲಭವಾಗಿ ನಡೆದ ನಿಯಮ ದಿನದಿನಕ್ಕೂ ಒಂದಿಷ್ಟು ನಿಮಿಷ ಬಿಗಿಯಾಗುತ್ತಾ ಬಂದು ಕೊನೆಗೆ ಸುಮಾರು ಒಂದು ಗಂಟೆಯನ್ನೇ ಕಳೆದುಕೊಳ್ಳುತ್ತದೆ. ಜುಲೈನ ಅನುಭವವನ್ನು ನಂಬಿ ನಾಲ್ಕು ತಿಂಗಳ ನಿಯಮ ತೆಗೆದುಕೊಂಡವರು ಅಕ್ಟೋಬರಿನಲ್ಲಿ ತಪ್ಪುವುದು ಇದೇ ಕಾರಣಕ್ಕೆ. ನಿಯಮ ತೆಗೆದುಕೊಳ್ಳುವಾಗಲೇ ಕೊನೆಯ ತಿಂಗಳ ಸೂರ್ಯಾಸ್ತವನ್ನು ನೋಡಿಕೊಳ್ಳುವುದು ಒಳ್ಳೆಯದು.

ಶ್ರಾವಕಾಚಾರಗಳು ಹೇಳುವ ಕಾರಣ

ಉಮಾಸ್ವಾಮಿಗಳ ತತ್ತ್ವಾರ್ಥ ಸೂತ್ರದ ಏಳನೆಯ ಅಧ್ಯಾಯದಲ್ಲಿ ಅಹಿಂಸಾ ವ್ರತವನ್ನು ಗಟ್ಟಿಗೊಳಿಸುವ ಐದು ಭಾವನೆಗಳನ್ನು ಹೇಳಿದೆ. ಅವುಗಳಲ್ಲಿ ಒಂದು ಆಲೋಕಿತ ಪಾನಭೋಜನ, ಅಂದರೆ ಕಣ್ಣಿನಿಂದ ಚೆನ್ನಾಗಿ ನೋಡಿ ಉಣ್ಣುವುದು, ಕುಡಿಯುವುದು. ಈ ಗ್ರಂಥಕ್ಕೆ ಸರ್ವಾರ್ಥಸಿದ್ಧಿ ಎಂಬ ವ್ಯಾಖ್ಯಾನ ಬರೆದ ಕನ್ನಡ ನಾಡಿನ ಆಚಾರ್ಯ ಪೂಜ್ಯಪಾದರು ಇಲ್ಲೊಂದು ಪ್ರಶ್ನೆ ಎತ್ತುತ್ತಾರೆ. ರಾತ್ರಿ ಭೋಜನ ತ್ಯಾಗವನ್ನು ಆರನೆಯ ವ್ರತವಾಗಿ ಏಕೆ ಎಣಿಸಿಲ್ಲ ಎಂಬುದು ಆ ಪ್ರಶ್ನೆ. ಅದು ಅಹಿಂಸೆಯ ಈ ಭಾವನೆಯಲ್ಲೇ ಅಡಗಿದೆ ಎಂಬುದು ಅವರ ಸಮಾಧಾನ. ಹೀಗಾಗಿ ಹೊತ್ತಿನೊಳಗೆ ಉಣ್ಣುವುದು ಪ್ರತ್ಯೇಕವಾದ ಆಹಾರ ಪದ್ಧತಿಯಲ್ಲ, ಅಹಿಂಸೆಯದೇ ಒಂದು ಅಂಗ.

ಅಮೃತಚಂದ್ರಾಚಾರ್ಯರ ಪುರುಷಾರ್ಥಸಿದ್ಧ್ಯುಪಾಯವು ಇದನ್ನು ಇನ್ನಷ್ಟು ಬಿಡಿಸಿ ಹೇಳುತ್ತದೆ. ಅವರು ಕೊಡುವ ಕಾರಣಗಳು ಎರಡು. ಒಂದು, ಸೂರ್ಯನ ಬೆಳಕಿಲ್ಲದಾಗ ದೀಪ ಹಚ್ಚಿಕೊಂಡರೂ ಆಹಾರದಲ್ಲಿ ಬೀಳುವ ಸೂಕ್ಷ್ಮ ಜೀವಿಗಳನ್ನು ತಪ್ಪಿಸಲಾಗದು. ಎರಡು, ಹಗಲು ರಾತ್ರಿ ಎನ್ನದೆ ಉಣ್ಣುವುದರಲ್ಲಿ ರಾಗ, ಅಂದರೆ ಆಸೆಯ ಸೆಳೆತ ಹೆಚ್ಚು. ಹಗಲು ಬಿಟ್ಟು ರಾತ್ರಿ ಮಾತ್ರ ಉಂಡರೆ ಅದೂ ಸಂಯಮವೇ ಅಲ್ಲವೇ ಎಂಬ ವಾದವನ್ನೂ ಅವರು ಎತ್ತಿಕೊಂಡು, ರಾತ್ರಿಯ ಊಟದಲ್ಲಿ ರಾಗವೇ ಹೆಚ್ಚೆಂದು ಅದನ್ನು ತಳ್ಳಿಹಾಕುತ್ತಾರೆ. ಶ್ವೇತಾಂಬರ ಪರಂಪರೆಯಲ್ಲೂ ಇದಕ್ಕೆ ಅಷ್ಟೇ ಮಹತ್ವವಿದೆ. 12ನೆಯ ಶತಮಾನದ ಹೇಮಚಂದ್ರಾಚಾರ್ಯರ ಯೋಗಶಾಸ್ತ್ರದ ಮೂರನೆಯ ಪ್ರಕಾಶದಲ್ಲಿ ಶ್ರಾವಕರು ವರ್ಜಿಸಬೇಕಾದವುಗಳ ಸಾಲಿನಲ್ಲಿ ರಾತ್ರಿ ಭೋಜನವೂ ಸೇರಿದೆ. ನಾಲ್ಕು ವಿಧದ ಆಹಾರವನ್ನೂ ಬಿಡುವುದನ್ನು ಅವರಲ್ಲಿ ಚೌವಿಹಾರ ಎಂದೂ, ನೀರೊಂದನ್ನು ಉಳಿಸಿಕೊಂಡು ಮೂರನ್ನು ಬಿಡುವುದನ್ನು ತಿವಿಹಾರ ಎಂದೂ ಕರೆಯುತ್ತಾರೆ.

ಈಗ ವಿದ್ಯುತ್ ದೀಪ ಇದೆಯಲ್ಲ, ಹಳೆಯ ಕಾರಣ ಈಗ ಹೇಗೆ ಅನ್ವಯಿಸುತ್ತದೆ ಎಂದು ಮಕ್ಕಳು ಕೇಳುತ್ತಾರೆ. ಮುಂಗಾರಿನ ಮೊದಲ ಮಳೆ ಬಿದ್ದ ಸಂಜೆ ಟ್ಯೂಬ್ ಲೈಟಿನ ಸುತ್ತ ರೆಕ್ಕೆಯ ಗೆದ್ದಲು ಮುತ್ತುವುದನ್ನು ತೋರಿಸಿದರೆ ಮೊದಲನೆಯ ಕಾರಣಕ್ಕೆ ಉತ್ತರ ಸಿಕ್ಕಂತೆ. ಬೆಳಕು ಪ್ರಖರವಾದಷ್ಟೂ ಹುಳುಗಳು ಹೆಚ್ಚು ಬರುತ್ತವೆ. ಎರಡನೆಯ ಕಾರಣಕ್ಕೂ ದೀಪಕ್ಕೂ ಸಂಬಂಧವೇ ಇಲ್ಲ. ರಾತ್ರಿ ಹತ್ತು ಗಂಟೆಗೆ ಏನಾದರೂ ತಿನ್ನಬೇಕೆನಿಸುವುದು ಬಹುತೇಕ ಹಸಿವಿನಿಂದಲ್ಲ.

ಬೇಗ ಆಗಬೇಕು, ಆದರೆ ನಿನ್ನೆಯದಾಗಿರಬಾರದು

ದುಡಿಯುವ ಮನೆಗಳಲ್ಲಿ ಸಮಯ ಉಳಿಸಲು ಸಾಮಾನ್ಯವಾಗಿ ಹಿಡಿಯುವ ದಾರಿ ಎಂದರೆ ಭಾನುವಾರ ಮಾಡಿಟ್ಟು ಫ್ರಿಜ್ಜಿನಲ್ಲಿ ಇಡುವುದು, ಹುಳಿ ಬಂದ ಹಿಟ್ಟನ್ನು ವಾರವಿಡೀ ಬಳಸುವುದು. ಶ್ರಾವಕರ ಅಡುಗೆಮನೆಗೆ ಈ ದಾರಿ ಹೊಂದುವುದಿಲ್ಲ. ನೀರು ಬಿದ್ದ ಆಹಾರ ರಾತ್ರಿ ಕಳೆದರೆ ಅದರಲ್ಲಿ ಜೀವೋತ್ಪತ್ತಿಯಾಗುತ್ತದೆ ಎಂಬುದು ಆಹಾರ ಶುದ್ಧಿಯ ಮೂಲ ತಿಳಿವಳಿಕೆ. ಆದ್ದರಿಂದ ಇಲ್ಲಿ ಸಮಯ ಉಳಿಸುವ ಗುಟ್ಟು ಬೇರೆಯೇ: ಒಣ ಕೆಲಸವನ್ನೆಲ್ಲ ಮುಂಚೆ ಮಾಡಿಟ್ಟುಕೊಂಡು, ನೀರಿನ ಕೆಲಸವನ್ನೆಲ್ಲ ಆಯಾ ಹೊತ್ತಿಗೆ ಮಾಡುವುದು.

ಹೆಸರುಬೇಳೆ, ಅಕ್ಕಿಯನ್ನು ಭಾನುವಾರ ಹಗಲು ಬೆಳಕಿನಲ್ಲಿ ಆರಿಸಿ, ಹುಳು ಇಲ್ಲವೆಂದು ಖಚಿತಪಡಿಸಿಕೊಂಡು ಡಬ್ಬಕ್ಕೆ ತುಂಬಿಡಬಹುದು. ಬೇಳೆಯನ್ನು ಘಮ್ಮೆನ್ನುವವರೆಗೆ ಹುರಿದಿಟ್ಟರೆ ನೆನೆಸುವ ಅಗತ್ಯವೇ ಇರುವುದಿಲ್ಲ. ಮೆಣಸು, ಜೀರಿಗೆ, ಎಳ್ಳನ್ನು ಹುರಿದು ಒರಟಾಗಿ ಪುಡಿ ಮಾಡಿಕೊಳ್ಳಬಹುದು. ಒಣ ಕೊಬ್ಬರಿ ತುರಿದಿಡಬಹುದು. ಹಿಟ್ಟು, ಪುಡಿಗಳಿಗೆ ದಿಗಂಬರ ಪರಂಪರೆಯಲ್ಲಿ ರೂಢಿಯಾಗಿರುವ ಮರ್ಯಾದೆ ಹೀಗಿದೆ: ಚಳಿಗಾಲದಲ್ಲಿ 7 ದಿನ, ಬೇಸಿಗೆಯಲ್ಲಿ 5 ದಿನ, ಮಳೆಗಾಲದಲ್ಲಿ 3 ದಿನ. ಎಂದರೆ ಚಳಿಗಾಲದಲ್ಲಿ ವಾರಕ್ಕೊಮ್ಮೆ ಪುಡಿ ಮಾಡಿದರೆ ಸಾಕು, ಮಳೆಗಾಲದಲ್ಲಿ ವಾರದ ನಡುವೆಯೂ ಮಾಡಬೇಕು. ಸೋಸಿದ ನೀರಿನ ಮರ್ಯಾದೆ 48 ನಿಮಿಷ ಮಾತ್ರ, ಹಾಗಾಗಿ ಅಡುಗೆಗೆ ಕೈ ಹಾಕುವಾಗಲೇ ನೀರು ಸೋಸಿಕೊಳ್ಳಬೇಕು.

ಅರ್ಧ ಗಂಟೆಯ ಊಟ: ಹೆಸರುಬೇಳೆ ಹುಗ್ಗಿ, ಹುಣಸೆ ಗೊಜ್ಜು

ವಾರದ ದಿನಕ್ಕೆ ಹೊಂದುವ ಅಡುಗೆ ಖಾರದ ಹುಗ್ಗಿ. ಕಂದಮೂಲ ಬೇಕಿಲ್ಲ, ಈರುಳ್ಳಿ ಬೆಳ್ಳುಳ್ಳಿಯ ಕೊರತೆ ಕಾಣುವುದಿಲ್ಲ, ಮಕ್ಕಳಿಂದ ಹಿರಿಯರವರೆಗೆ ಎಲ್ಲರಿಗೂ ಒಗ್ಗುತ್ತದೆ. ಜೊತೆಗೆ ಹುಣಸೆಹಣ್ಣಿನ ಗೊಜ್ಜು ಇದ್ದರೆ ಬೇರೇನೂ ಬೇಡ. ಅಷ್ಟಮಿ, ಚತುರ್ದಶಿಗಳಲ್ಲಿ ಹಸಿರು ತರಕಾರಿ ಬಿಡುವವರು ಕರಿಬೇವನ್ನು ಕೈಬಿಟ್ಟು ಇದೇ ಅಡುಗೆಯನ್ನು ಮಾಡಬಹುದು.

ನಾಲ್ವರಿಗೆ ಹುಗ್ಗಿ ಮಾಡಲು ಒಂದು ಲೋಟ ಅಕ್ಕಿ, ಮುಕ್ಕಾಲು ಲೋಟ ಹುರಿದ ಹೆಸರುಬೇಳೆ, ಆರು ಲೋಟ ನೀರು, ಒಂದು ಚಮಚ ಮೆಣಸು, ಒಂದೂವರೆ ಚಮಚ ಜೀರಿಗೆ, ಕಾಲು ಲೋಟ ಕೊಬ್ಬರಿ ತುರಿ, ಚಿಟಿಕೆ ಅರಿಸಿನ, ಇಂಗು, ಎರಡು ದೊಡ್ಡ ಚಮಚ ತುಪ್ಪ, ರುಚಿಗೆ ಉಪ್ಪು ಬೇಕು. ಗೊಜ್ಜಿಗೆ ನಿಂಬೆ ಗಾತ್ರದ ಹುಣಸೆಹಣ್ಣು, ಅಷ್ಟೇ ಬೆಲ್ಲ, ಒಂದೂವರೆ ಚಮಚ ಸಾರಿನಪುಡಿ, ಒಂದು ಚಮಚ ಎಳ್ಳುಪುಡಿ, ಒಗ್ಗರಣೆಗೆ ಎಣ್ಣೆ, ಸಾಸಿವೆ, ಒಣಮೆಣಸಿನಕಾಯಿ ಸಾಕು.

ಮೊದಲ ಐದು ನಿಮಿಷದಲ್ಲಿ ನೀರು ಸೋಸಿಕೊಂಡು ಒಂದಿಷ್ಟನ್ನು ಬಿಸಿಗಿಡಬೇಕು. ಹುಣಸೆಹಣ್ಣನ್ನು ಬಿಡಿಸಿ, ನಾರು ಬೀಜದ ನಡುವೆ ಹುಳು ಇಲ್ಲವೆಂದು ನೋಡಿ, ಬಿಸಿ ನೀರಿನಲ್ಲಿ ನೆನೆಯಲು ಬಿಡಬೇಕು. ಅಕ್ಕಿ, ಬೇಳೆಯನ್ನು ತೊಳೆದು ಅರಿಸಿನ, ನೀರಿನೊಂದಿಗೆ ಕುಕ್ಕರಿನಲ್ಲಿಟ್ಟು ಮೂರು ನಾಲ್ಕು ವಿಷಲ್ ಕೂಗಿಸಬೇಕು. ಅದು ಬೇಯುವ ಹದಿನೈದು ನಿಮಿಷದಲ್ಲಿ ಗೊಜ್ಜು ಆಗುತ್ತದೆ. ಎಣ್ಣೆ ಕಾಯಿಸಿ ಸಾಸಿವೆ, ಒಣಮೆಣಸಿನಕಾಯಿ, ಇಂಗಿನ ಒಗ್ಗರಣೆ ಹಾಕಿ, ಕಿವುಚಿದ ಹುಣಸೆ ರಸ, ಬೆಲ್ಲ, ಉಪ್ಪು, ಸಾರಿನಪುಡಿ ಸೇರಿಸಿ ಗಟ್ಟಿಯಾಗುವವರೆಗೆ ಕುದಿಸಬೇಕು. ಇಳಿಸುವಾಗ ಎಳ್ಳುಪುಡಿ ಹಾಕಬೇಕು. ಕುಕ್ಕರಿನ ಆವಿ ಇಳಿದ ಮೇಲೆ ಹುಗ್ಗಿಗೆ ಉಪ್ಪು, ಕೊಬ್ಬರಿ ಸೇರಿಸಿ, ತುಪ್ಪದಲ್ಲಿ ಜೀರಿಗೆ, ಒರಟಾಗಿ ಕುಟ್ಟಿದ ಮೆಣಸು, ಕರಿಬೇವಿನ ಒಗ್ಗರಣೆ ಕೊಟ್ಟರೆ ಅರ್ಧ ಗಂಟೆಯಲ್ಲಿ ಬಡಿಸಲು ಸಿದ್ಧ. ಊಟಕ್ಕೆ ಇಪ್ಪತ್ತು ನಿಮಿಷ ಹಿಡಿದರೆ ಒಟ್ಟು ಐವತ್ತು ನಿಮಿಷ. ನವೆಂಬರಿನಲ್ಲಿ ಸೂರ್ಯಾಸ್ತದೊಳಗೆ ಮುಗಿಸಲು ಐದು ಗಂಟೆಗೆ ಒಲೆ ಹಚ್ಚಬೇಕು, ಎರಡು ಘಳಿಗೆ ಮುಂಚೆ ಮುಗಿಸುವವರು ನಾಲ್ಕೂ ಕಾಲಿಗಿಂತ ಸ್ವಲ್ಪ ಮುಂಚೆಯೇ ಮೊದಲು ಮಾಡಬೇಕು.

ಕೆಲವು ಎಚ್ಚರಗಳು ಅಗತ್ಯ. ಹುಗ್ಗಿಗೆ ಮೊಸರು ಬೆರೆಸಿಕೊಳ್ಳುವ ಅಭ್ಯಾಸ ಹಲವರಿಗಿದೆ. ಬೇಳೆಯೊಂದಿಗೆ ಕಾಯಿಸದ ಹಾಲು, ಮೊಸರು, ಮಜ್ಜಿಗೆ ಸೇರಿದರೆ ಅದು ದ್ವಿದಳ ದೋಷ. ಹೇಮಚಂದ್ರಾಚಾರ್ಯರ ಪಟ್ಟಿಯಲ್ಲಿ ಇದೂ ಇದೆ. ಆದ್ದರಿಂದಲೇ ಇಲ್ಲಿ ಮೊಸರುಬಜ್ಜಿಯ ಬದಲು ಗೊಜ್ಜು. ತುಪ್ಪಕ್ಕೆ ಅಡ್ಡಿಯಿಲ್ಲ, ಬೆಣ್ಣೆ ವರ್ಜ್ಯ. ಹಸಿ ಶುಂಠಿಯ ಬದಲು ಒಣ ಶುಂಠಿ ಬಳಸಬಹುದು. ಅಂಗಡಿಯ ಸಾರಿನಪುಡಿಯಲ್ಲಿ ಬೆಳ್ಳುಳ್ಳಿ ಇರುವುದುಂಟು, ಪೊಟ್ಟಣದ ಮೇಲಿನ ವಿವರ ಓದಿ ಕೊಳ್ಳಬೇಕು. ತರಕಾರಿ ಬೇಕೆನಿಸಿದರೆ ಸೀಮೆಬದನೆ, ಸೋರೆ, ಹೀರೆಯಂಥವು ಬೇಗ ಬೇಯುತ್ತವೆ. ಅವುಗಳನ್ನು ಹಗಲು ಬೆಳಕಿನಲ್ಲಿ ಹೆಚ್ಚುವುದು ಮುಖ್ಯ. ಹೂಕೋಸಿನಂತೆ ಒಳಗೆ ಹುಳು ಅಡಗುವ ತರಕಾರಿಯನ್ನು ಅವಸರದ ದಿನ ಮುಟ್ಟದಿರುವುದೇ ಲೇಸು.

ಹೊತ್ತಿಗೆ ಮನೆ ಸೇರಲಾಗದವರು

ಮನೆಯಲ್ಲಿ ಇರುವವರಿಗೆ ಇಷ್ಟು ಸಾಕು. ಐದೂವರೆಗೆ ಇನ್ನೂ ಯಶವಂತಪುರದ ಅಂಗಡಿಯಲ್ಲೋ ಆರ್.ಟಿ. ನಗರದ ಕಚೇರಿಯಲ್ಲೋ ಇರುವವರ ಗತಿಯೇನು? ಇಲ್ಲಿ ಆಚಾರ್ಯ ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರ ಕೈ ಹಿಡಿಯುತ್ತದೆ. ಭೋಗೋಪಭೋಗ ಪರಿಮಾಣವನ್ನು ವಿವರಿಸುವಾಗ ಅವರು ತ್ಯಾಗವನ್ನು ಎರಡಾಗಿ ವಿಂಗಡಿಸುತ್ತಾರೆ. ಬದುಕಿರುವವರೆಗೆ ಹಿಡಿಯುವುದು ಯಮ, ಕಾಲದ ಮಿತಿ ಇಟ್ಟು ಹಿಡಿಯುವುದು ನಿಯಮ. ನಿಯಮದ ಕಾಲ ಒಂದು ಹಗಲು, ಒಂದು ರಾತ್ರಿ, ಒಂದು ಪಕ್ಷ, ಒಂದು ತಿಂಗಳು, ಒಂದು ಋತು ಅಥವಾ ಒಂದು ಅಯನ ಆಗಿರಬಹುದು. ಶ್ರಾವಕರ ಹನ್ನೊಂದು ಪ್ರತಿಮೆಗಳಲ್ಲಿ ರಾತ್ರಿಭುಕ್ತಿವಿರತಿಯನ್ನು ಅವರು ಆರನೆಯ ಮೆಟ್ಟಿಲಾಗಿ ಇಟ್ಟಿದ್ದಾರೆ, ಅಲ್ಲಿ ಅನ್ನ, ಪಾನ, ಖಾದ್ಯ, ಲೇಹ್ಯ ನಾಲ್ಕನ್ನೂ ಬಿಡಬೇಕು. ಮೆಟ್ಟಿಲುಗಳಿವೆ ಎಂದ ಮೇಲೆ ಹತ್ತುವ ಕ್ರಮವೂ ಇದೆ.

ವಾರದಲ್ಲಿ ಐದು ದಿನ ತಡವಾಗಿ ಬರುವವರು ಶನಿವಾರ, ಭಾನುವಾರ ಹಾಗೂ ಅಷ್ಟಮಿ, ಚತುರ್ದಶಿಗಳಿಗೆ ನಿಯಮ ತೆಗೆದುಕೊಳ್ಳಬಹುದು. ರಾತ್ರಿ ಧಾನ್ಯದ ಅಡುಗೆಯನ್ನು ಮಾತ್ರ ಮೊದಲು ಬಿಟ್ಟು, ಕ್ರಮೇಣ ಹಣ್ಣು ಹಾಲನ್ನೂ ಬಿಟ್ಟು, ನೀರು ಮತ್ತು ಔಷಧಕ್ಕೆ ಸೀಮಿತವಾಗುವವರೂ ಇದ್ದಾರೆ. ಪಾಲಿಸಲಾಗದ ದೊಡ್ಡ ವ್ರತಕ್ಕಿಂತ ಪಾಲಿಸಿದ ಚಿಕ್ಕ ನಿಯಮ ಮೇಲು. ಇನ್ನೊಂದು ದಾರಿ ಸಂಜೆಯ ಡಬ್ಬ. ಬೆಳಿಗ್ಗೆ ಮಾಡಿದ್ದನ್ನು ಸಂಜೆ ಐದಕ್ಕೆ ಉಣ್ಣುವುದಾದರೆ ಆಹಾರದ ಮರ್ಯಾದೆ ಗಮನಿಸಬೇಕು. ರೂಢಿಯ ಲೆಕ್ಕದಲ್ಲಿ ಅನ್ನ, ಬೇಳೆ, ಹುಗ್ಗಿಗೆ ಎರಡು ಪ್ರಹರ ಅಂದರೆ ಸುಮಾರು ಆರು ಗಂಟೆ, ಚಪಾತಿ, ರೊಟ್ಟಿಗೆ ನಾಲ್ಕು ಪ್ರಹರ. ಆದ್ದರಿಂದ ಡಬ್ಬಕ್ಕೆ ಚಪಾತಿ, ಶೇಂಗಾ ಚಟ್ನಿಪುಡಿ, ಹುರಿಗಡಲೆ, ಕೊಬ್ಬರಿ, ಬೆಲ್ಲ, ಬಾಳೆಹಣ್ಣು ಹೊಂದುತ್ತವೆ, ಹುಗ್ಗಿ ಹೊಂದುವುದಿಲ್ಲ. ಕಚೇರಿಯಲ್ಲಿ ಸಂಜೆ ಚಹಾಕ್ಕೆ ಸಿಗುವ ಕಾಲು ಗಂಟೆಯೇ ಈ ಊಟಕ್ಕೆ ಸಾಕು.

ಇಷ್ಟೆಲ್ಲದರ ನಡುವೆ ಮರೆತುಹೋಗುವ ವ್ಯಕ್ತಿಯೊಬ್ಬರು ಮನೆಯಲ್ಲಿದ್ದಾರೆ. ಹೊತ್ತಿನೊಳಗೆ ಮಕ್ಕಳಿಗೆ, ಅತ್ತೆ ಮಾವನಿಗೆ ಒಮ್ಮೆ ಬಡಿಸಿ, ರಾತ್ರಿ ಒಂಬತ್ತಕ್ಕೆ ಬಂದವರಿಗೆ ಮತ್ತೊಮ್ಮೆ ಬಿಸಿ ಮಾಡಿಕೊಡುವ ಗೃಹಿಣಿಯ ಒಲೆ ಆರುವುದೇ ಇಲ್ಲ. ಆಕೆ ತಾನು ಉಣ್ಣದಿದ್ದರೂ ಆಕೆಯ ಸಂಜೆ ಅಡುಗೆಮನೆಯಲ್ಲೇ ಕಳೆಯುತ್ತದೆ. ಅಣುವ್ರತಗಳನ್ನು ಹೇಳುವಾಗ ಸಮಂತಭದ್ರರು ಹಿಂಸೆಯನ್ನು ತಾನು ಮಾಡುವುದು, ಇತರರಿಂದ ಮಾಡಿಸುವುದು, ಮಾಡಿದ್ದನ್ನು ಒಪ್ಪುವುದು ಎಂದು ಮೂರು ಬಗೆಯಾಗಿ ಎಣಿಸುತ್ತಾರೆ. ಕೃತ, ಕಾರಿತ, ಅನುಮತಗಳೆಂದರೆ ಇವೇ. ಈ ದೃಷ್ಟಿಯಿಂದ ನೋಡಿದರೆ ರಾತ್ರಿ ಅಡುಗೆ ಮಾಡಿಸಿಕೊಳ್ಳುವುದು ಉಣ್ಣುವವರಿಗೆ ಮಾತ್ರ ಸಂಬಂಧಿಸಿದ ವಿಷಯವಲ್ಲ. ಇಡೀ ಮನೆ ಕೂತು ಮಾತನಾಡಿ ಒಲೆ ಆರುವ ಹೊತ್ತನ್ನು ಗೊತ್ತು ಮಾಡುವುದು ಇದಕ್ಕೆ ಪರಿಹಾರ. ತಡವಾಗಿ ಬಂದು ಉಣ್ಣಲೇಬೇಕಾದವರು ತಮಗೆ ಬೇಕಾದ್ದನ್ನು ತಾವೇ ಬಡಿಸಿಕೊಂಡು ತಟ್ಟೆ ತೊಳೆದಿಟ್ಟರೆ ಮನೆಯ ಇನ್ನೊಬ್ಬರ ಸಾಮಾಯಿಕಕ್ಕೆ ನೆರವಾದಂತೆ. ಹಾಗೆಯೇ, ನಿಯಮ ಪಾಲಿಸುವವರು ಪಾಲಿಸಲಾಗದವರನ್ನು ಹೀಗಳೆಯಬಾರದು. ವ್ರತದ ಹೆಸರಿನಲ್ಲಿ ಮನೆಯಲ್ಲಿ ಕಷಾಯ ಹೆಚ್ಚಿದರೆ ವ್ರತದ ಉದ್ದೇಶವೇ ಕೆಡುತ್ತದೆ.

ಉಳಿದ ಸಂಜೆ

ಊಟ ಮುಗಿದು ಪಾತ್ರೆ ತೊಳೆದ ಮೇಲೆ ನವೆಂಬರಿನ ಆರು ಗಂಟೆಯಿಂದ ಮಲಗುವ ಹತ್ತು ಗಂಟೆಯವರೆಗೆ ನಾಲ್ಕು ಗಂಟೆ ಇರುತ್ತದೆ. ಮಕ್ಕಳ ಪಾಠ, ಮನೆಗೆಲಸ ಕಳೆದರೂ ಒಂದು ಗಂಟೆ ಉಳಿಯುತ್ತದೆ. ಸಾಮಾಯಿಕದ ಕನಿಷ್ಠ ಅವಧಿ ಎರಡು ಘಳಿಗೆ. ಮಧ್ಯಮ ನಾಲ್ಕು, ಉತ್ತಮ ಆರು. ಸೂರ್ಯಾಸ್ತಕ್ಕೆ ಮುನ್ನ ಊಟ ಬಿಡುವ ಅವಧಿಯೂ ಸಾಮಾಯಿಕದ ಕನಿಷ್ಠ ಅವಧಿಯೂ ಒಂದೇ ಆಗಿರುವುದನ್ನು ಗಮನಿಸಬಹುದು. ಹೊಟ್ಟೆಗೆ ಕೊಡುವ 48 ನಿಮಿಷದ ಬಿಡುವಿಗೆ ಸರಿಯಾಗಿ ಆತ್ಮಕ್ಕೆ 48 ನಿಮಿಷ.

ಸಾಮಾಯಿಕ ಶ್ರಾವಕರ ನಾಲ್ಕು ಶಿಕ್ಷಾವ್ರತಗಳಲ್ಲಿ ಒಂದು. ಗೊತ್ತುಪಡಿಸಿದ ಹೊತ್ತಿನವರೆಗೆ ಐದು ಪಾಪಗಳನ್ನೂ ಪೂರ್ತಿಯಾಗಿ ಬಿಟ್ಟು ಸಮಭಾವದಲ್ಲಿ ಇರುವುದು ಅದರ ಸ್ವರೂಪ. ಗಡಿಯಾರವಿಲ್ಲದ ಕಾಲದಲ್ಲಿ ಶ್ರಾವಕರು ಕೂದಲಿಗೋ ಬಟ್ಟೆಗೋ ಗಂಟು ಹಾಕಿ, ಆ ಗಂಟು ಇರುವವರೆಗೆ ಎಂದು ಸಂಕಲ್ಪ ಮಾಡುತ್ತಿದ್ದ ಕ್ರಮವನ್ನು ಸಮಂತಭದ್ರರು ಸೂಚಿಸುತ್ತಾರೆ. ಆ ಹೊತ್ತಿನಲ್ಲಿ ಗೃಹಸ್ಥನು ಯಾರೋ ಬಟ್ಟೆ ಹೊದಿಸಿದ ಮುನಿಯಂತೆ ಇರುತ್ತಾನೆ ಎಂಬುದು ಅವರ ಪ್ರಸಿದ್ಧ ಹೋಲಿಕೆ. ದಿನವಿಡೀ ವ್ಯಾಪಾರ, ಉದ್ಯೋಗದಲ್ಲಿ ಮುಳುಗಿದವರಿಗೆ ದಿನಕ್ಕೆ 48 ನಿಮಿಷ ಮುನಿಧರ್ಮದ ಹೊಸ್ತಿಲಲ್ಲಿ ನಿಲ್ಲುವ ಅವಕಾಶ ಇದು. ಮನ, ವಚನ, ಕಾಯಗಳು ಹರಿದಾಡುವುದು, ಅನಾದರ, ಮರೆವು ಎಂಬ ಐದು ಅತಿಚಾರಗಳು ಸಾಮಾಯಿಕಕ್ಕೆ ಇವೆ. ಎಂದರೆ ಅಡುಗೆಯಲ್ಲಿ ತೋರಿದ ಅವಸರವನ್ನು ಇಲ್ಲಿ ತೋರುವಂತಿಲ್ಲ.

ಹೊಸದಾಗಿ ಆರಂಭಿಸುವವರು ಹೀಗೆ ಹಂಚಿಕೊಳ್ಳಬಹುದು. ಮೊದಲು ಪಂಚನಮಸ್ಕಾರ ಮಂತ್ರದ 108 ಜಪ. ನಂತರ ಆ ದಿನ ಆದ ದೋಷಗಳನ್ನು ನೆನೆದು ಪ್ರತಿಕ್ರಮಣ. ಆಮೇಲೆ ದ್ವಾದಶಾನುಪ್ರೇಕ್ಷೆಗಳಲ್ಲಿ ದಿನಕ್ಕೊಂದರ ಚಿಂತನೆ. ಅನಿತ್ಯದಿಂದ ಧರ್ಮದವರೆಗೆ ಹನ್ನೆರಡು ದಿನಕ್ಕೆ ಒಂದು ಸುತ್ತು ಮುಗಿಯುತ್ತದೆ. ಕೊನೆಯಲ್ಲಿ ಮನೆಮಂದಿಯೆಲ್ಲ ಸೇರಿ ಸ್ವಾಧ್ಯಾಯ. ತತ್ತ್ವಾರ್ಥ ಸೂತ್ರದ ಒಂಬತ್ತನೆಯ ಅಧ್ಯಾಯ ಸ್ವಾಧ್ಯಾಯವನ್ನು ಓದುವುದು, ಪ್ರಶ್ನಿಸುವುದು, ಮನನ ಮಾಡುವುದು, ಶುದ್ಧವಾಗಿ ಪಠಿಸುವುದು, ಇತರರಿಗೆ ತಿಳಿಸುವುದು ಎಂದು ಐದು ಬಗೆಯಾಗಿ ಹೇಳುತ್ತದೆ. ಇದನ್ನು ಮನೆಯಲ್ಲಿ ಕೆಲಸದಂತೆ ಹಂಚಬಹುದು: ಒಬ್ಬರು ಓದಲಿ, ಮಕ್ಕಳು ಪ್ರಶ್ನೆ ಕೇಳಲಿ, ಅಜ್ಜಿ ಬಾಯಿಪಾಠ ಹೇಳಲಿ, ಮಾರನೆಯ ದಿನ ಮಕ್ಕಳೇ ಹಿಂದಿನ ದಿನದ ಕಥೆ ಹೇಳಲಿ.

ಓದಲು ಕನ್ನಡದಲ್ಲಿ ಕೊರತೆಯಿಲ್ಲ. ವಡ್ಡಾರಾಧನೆಯಲ್ಲಿ 19 ಕಥೆಗಳಿವೆ, ಹೊಸಗನ್ನಡ ಅನುವಾದಗಳೂ ಸಿಗುತ್ತವೆ. ವಾರಕ್ಕೊಂದು ಕಥೆಯಂತೆ ಓದಿದರೆ ಒಂದು ಚಾತುರ್ಮಾಸ ಪೂರ್ತಿಗೆ ಸಾಕಾಗುತ್ತವೆ. ರತ್ನಾಕರವರ್ಣಿಯ ಶತಕಗಳಿಂದ ದಿನಕ್ಕೊಂದು ಪದ್ಯ ಹಿಡಿಯಬಹುದು. ಅದೇ ಕವಿಯ ಭರತೇಶ ವೈಭವವಂತೂ ಗೃಹಸ್ಥರಿಗೇ ಬರೆದಂತಿದೆ, ಸಂಸಾರ, ರಾಜ್ಯದ ನಡುವೆಯೇ ಯೋಗವನ್ನು ಸಾಧಿಸಿದ ಭರತ ಚಕ್ರವರ್ತಿಯ ಕಥೆ ಅದು. ರಜೆಯ ದಿನ ಬೇಗ ಊಟ ಮುಗಿಸಿ ದೇವರ ದರ್ಶನಕ್ಕೆ ಹೋಗಬೇಕೆನ್ನುವವರಿಗೆ ಇದೇ ಹೆದ್ದಾರಿಯ ಮುಂದಿನ ದೇವನಹಳ್ಳಿಯಲ್ಲಿ ನಾಕೋಡಾ ಅವಂತಿ 108 ಪಾರ್ಶ್ವನಾಥ ಜಿನಮಂದಿರವಿದೆ.

ಸಂಜೆಯನ್ನು ನುಂಗುವ ಮೊಬೈಲಿಗೂ ಹಳೆಯ ಗ್ರಂಥಗಳಲ್ಲೇ ಮದ್ದು ಇದೆ. ದೇಶಾವಕಾಶಿಕ ವ್ರತವೆಂದರೆ ಇಷ್ಟು ಹೊತ್ತು ಇಷ್ಟು ಎಲ್ಲೆಯನ್ನು ದಾಟುವುದಿಲ್ಲ ಎಂಬ ಸಂಕಲ್ಪ. ಆ ಎಲ್ಲೆ ಸ್ವಂತ ಮನೆಯೂ ಆಗಬಹುದು. ಇದರ ಐದು ಅತಿಚಾರಗಳು ಈ ಕಾಲಕ್ಕೇ ಹೇಳಿದಂತಿವೆ: ಎಲ್ಲೆಯ ಹೊರಗಿನಿಂದ ವಸ್ತು ತರಿಸುವುದು, ಹೊರಗೆ ಆಳನ್ನು ಕಳಿಸಿ ಕೆಲಸ ಮಾಡಿಸುವುದು, ದನಿ ಕೇಳಿಸುವುದು, ರೂಪ ತೋರಿಸುವುದು, ಏನನ್ನಾದರೂ ಎಸೆದು ಗಮನ ಸೆಳೆಯುವುದು. ಮನೆಯೊಳಗೇ ಕೂತು ಆ್ಯಪ್‌ನಲ್ಲಿ ತಿಂಡಿ ತರಿಸುವುದು, ಕರೆ ಮಾಡುವುದು, ವಿಡಿಯೋದಲ್ಲಿ ಕಾಣಿಸಿಕೊಳ್ಳುವುದು ಇವಕ್ಕಿಂತ ಬೇರೆಯೇನಲ್ಲ. ಸಂಜೆ ಏಳರಿಂದ ಎಂಟರವರೆಗೆ ಮನೆಯ ಎಲ್ಲೆಯನ್ನು ಫೋನಿನಿಂದಲೂ ದಾಟುವುದಿಲ್ಲ ಎಂದು ಸಂಕಲ್ಪಿಸಿದರೆ ವ್ರತವೂ ಆಯಿತು, ಸಮಯವೂ ಸಿಕ್ಕಿತು.

ಮಕ್ಕಳಿಗೆ ಹೇಳಬಹುದಾದ ಕಥೆ

ರಾತ್ರಿ ಭೋಜನ ತ್ಯಾಗದ ಬಗ್ಗೆ ಪುರಾಣ, ಕಥಾಕೋಶಗಳಲ್ಲಿ ಬರುವ ಕಥೆಗಳಲ್ಲಿ ಪ್ರೀತಿಂಕರನ ಹಿಂದಿನ ಜನ್ಮದ ಕಥೆ ಮಕ್ಕಳಿಗೆ ಬಹಳ ಹಿಡಿಸುತ್ತದೆ. ನರಿಯೊಂದು ಸಾಗರಸೇನ ಮುನಿಗಳ ಉಪದೇಶ ಕೇಳಿ ರಾತ್ರಿ ಆಹಾರ, ನೀರು ಮುಟ್ಟುವುದಿಲ್ಲವೆಂಬ ನಿಯಮ ಹಿಡಿಯುತ್ತದೆ. ಒಂದು ದಿನ ಒಣ ಆಹಾರ ತಿಂದು ವಿಪರೀತ ಬಾಯಾರಿ, ನೀರು ಕುಡಿಯಲು ಮೆಟ್ಟಿಲು ಬಾವಿಗೆ ಇಳಿಯುತ್ತದೆ. ಒಳಗೆ ಕತ್ತಲು. ಹೊತ್ತು ಮುಳುಗಿತೆಂದು ತಿಳಿದು ಕುಡಿಯದೆ ಮೇಲೆ ಬರುತ್ತದೆ. ಮೇಲೆ ನೋಡಿದರೆ ಬಿಸಿಲು. ಮತ್ತೆ ಇಳಿಯುತ್ತದೆ, ಮತ್ತೆ ಕತ್ತಲು. ಹೀಗೆ ಹತ್ತಿ ಇಳಿಯುವುದರಲ್ಲೇ ನಿಜವಾಗಿಯೂ ಸೂರ್ಯಾಸ್ತವಾಗುತ್ತದೆ. ನಿಯಮ ಮುರಿಯದೆ ನರಿ ಬಾಯಾರಿಕೆಯಿಂದಲೇ ಪ್ರಾಣ ಬಿಟ್ಟು, ಆ ಶುಭಭಾವದಿಂದ ಪ್ರೀತಿಂಕರನಾಗಿ ಹುಟ್ಟುತ್ತದೆ.

ಕತ್ತಲೆಯಲ್ಲಿ ನೀರಿನ ಅಂಚಿನಲ್ಲಿ ನಿಂತಾಗ ನರಿಯನ್ನು ನೋಡುವವರು ಯಾರೂ ಇರಲಿಲ್ಲ ಎಂಬ ಅಂಶವನ್ನು ಮಕ್ಕಳಿಗೆ ಬಿಡಿಸಿ ಹೇಳಬೇಕು. ಸಾಯುವವರೆಗೆ ಬಾಯಾರಿರುವುದನ್ನು ಈ ಕಥೆ ಇಂದಿನ ಮಕ್ಕಳಿಂದ ಕೇಳುವುದಿಲ್ಲ. ಕೊಟ್ಟ ಮಾತು ಸಂದೇಹದ ಹೊತ್ತಿನಲ್ಲಿ ಸುಲಭದ ಕಡೆಗೆ ವಾಲಬಾರದು ಎಂಬುದನ್ನು ಕಲಿಸುತ್ತದೆ. ಸೂರ್ಯ ಮುಳುಗಿತೋ ಇಲ್ಲವೋ ಎಂಬ ಅನುಮಾನ ಬಂದಾಗ ತಟ್ಟೆ ಬದಿಗಿಡುವ ಮನಸ್ಸು ಅಲ್ಲಿಂದಲೇ ಬರುತ್ತದೆ.

ಆರಂಭಿಸಬೇಕೆಂದಿರುವ ಕುಟುಂಬಗಳು ಮುಂದಿನ ಚತುರ್ದಶಿಯೊಂದನ್ನು ಆರಿಸಿಕೊಂಡರೆ ಸಾಕು. ಹಿಂದಿನ ಭಾನುವಾರ ಬೇಳೆ ಹುರಿದಿಟ್ಟು, ಅಂದಿನ ಸೂರ್ಯಾಸ್ತದ ಹೊತ್ತನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಬರೆದಿಟ್ಟು, ಯಾರು ಎಲ್ಲಿ ಉಣ್ಣುತ್ತಾರೆಂದು ಮೊದಲೇ ಮಾತನಾಡಿಕೊಂಡರೆ ಆ ಒಂದು ಸಂಜೆ ನಡೆಯುತ್ತದೆ. ಅದು ನಡೆದರೆ ಅದರ ಮುಂದಿನ ಅಷ್ಟಮಿಯೂ ಕಷ್ಟವೆನಿಸುವುದಿಲ್ಲ.